ಆ ಸ್ಟಿಕ್ಕರ್ ರೋಗಿಯ ಕೈಗೂ ಸಿಗಲಿ

ಮಾನ್ಯ ಸಂಪಾದಕರೇ,

ಗರ್ಭಕೋಶ ಜಾರುವ ತೊಂದರೆಯ ಬಗ್ಗೆ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಲೇಖನ ಓದಿದೆ. ಹೆಂಗಸರು ವರ್ಷಗಟ್ಟಲೆ ಬಾಯಿಬಿಡದೆ ಸಹಿಸಿಕೊಳ್ಳುವ ವಿಷಯ, ಬರೆದಿದ್ದು ಒಳ್ಳೆಯದಾಯಿತು. ಆದರೆ ಜಾರಿದ್ದನ್ನು ಎತ್ತಿ ಕಟ್ಟುವ ಆಪರೇಷನ್‌ನಲ್ಲಿ ಆಸರೆಗೆಂದು ಹಾಕುವ ಪ್ಲಾಸ್ಟಿಕ್ ಮೆಶ್ (ಬಲೆ) ಬದಲು ದಾನಿಯ ಟಿಶ್ಯೂ (ಅಂಗಾಂಶ) ಹಾಕಿಸಿಕೊಂಡರೆ ಚಿಂತೆಯಿಲ್ಲ ಎಂಬಂತೆ ಮುಗಿಸಿದ್ದು ನನಗೆ ಸರಿ ಕಾಣಲಿಲ್ಲ. ನಾನು ಆಪರೇಷನ್ ಥಿಯೇಟರ್‌ನಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಅಂಥ ಟಿಶ್ಯೂ ಪ್ಯಾಕೆಟ್ ಬಿಚ್ಚಿ, ಸಲೈನ್‌ನಲ್ಲಿ ನೆನೆಸಿ ಡಾಕ್ಟರ ಕೈಗೆ ಕೊಟ್ಟಿದ್ದೇನೆ.

ಮೆಶ್ ಬಗ್ಗೆ ಎಚ್ಚರಿಸಿ ಬರೆದಿದ್ದು ಸರಿ. ಈ ತೊಂದರೆಗೆ ಯೋನಿಯ ಮೂಲಕ ಹಾಕುವ ಮೆಶ್ ಮಾರಾಟವನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ನಿಲ್ಲಿಸಿತು. ಹಾಗಂತ ದಾನಿಯ ಟಿಶ್ಯೂ ಜಾಸ್ತಿ ಗಟ್ಟಿ ಅಂತೇನಿಲ್ಲ. ಅದು ತೀರಿಕೊಂಡವರ ತೊಡೆಯ ಪೊರೆ ಅಥವಾ ಚರ್ಮದ ಒಳಪದರ. ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆ ಮಾಡಿಯೇ ಕಳಿಸುತ್ತಾರೆ, ಸೋಂಕಿನ ಭಯ ತೀರಾ ಕಡಿಮೆ. ತೊಡಕು ಬೇರೆ. ದೇಹ ಅದನ್ನು ನಿಧಾನಕ್ಕೆ ಕರಗಿಸಿಕೊಳ್ಳಬಹುದು. ಅಷ್ಟರಲ್ಲಿ ನಮ್ಮದೇ ಟಿಶ್ಯೂ ಬೆಳೆದು ಆ ಜಾಗ ಹಿಡಿಯಬೇಕು. ಎಲ್ಲರಲ್ಲೂ ಹಿಡಿಯುವುದಿಲ್ಲ. ಹೊಟ್ಟೆಯ ಮೂಲಕ ಮಾಡುವ ಆಪರೇಷನ್‌ನಲ್ಲಿ ಎರಡನ್ನೂ ಹೋಲಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಗಿದೆ. ಒಂದು ವರ್ಷದ ನಂತರ ಮೆಶ್ ಹಾಕಿದವರಲ್ಲಿ ಶೇ 91, ದಾನಿಯ ಪೊರೆ ಹಾಕಿದವರಲ್ಲಿ ಶೇ 68 ಮಂದಿಗೆ ಮಾತ್ರ ರಿಪೇರಿ ನಿಂತಿತ್ತು. ಇನ್ನು ಯೋನಿಯ ಮೂಲಕ ಮಾಡುವಾಗ, ಹೊರಗಿನದೇನೂ ಹಾಕದೆ ರೋಗಿಯದೇ ಟಿಶ್ಯೂ ಎಳೆದು ಹೊಲಿದರೂ ಫಲಿತಾಂಶ ಹೆಚ್ಚುಕಮ್ಮಿ ಅಷ್ಟೇ ಎಂದು ಬ್ರಿಟನ್ನಿನ ದೊಡ್ಡ ಅಧ್ಯಯನ ಹೇಳಿದೆ.

ಇದನ್ನೆಲ್ಲ ರೋಗಿಗೆ ಯಾರು ಹೇಳುತ್ತಾರೆ? ನಾನು ಕಂಡ ಒಪ್ಪಿಗೆ ಪತ್ರಗಳಲ್ಲಿ 'ಬೇಕಾದರೆ ಗ್ರಾಫ್ಟ್ ಹಾಕಲಾಗುವುದು' ಎಂದಷ್ಟೇ ಇರುತ್ತಿತ್ತು. ಗ್ರಾಫ್ಟ್ ಅಂದರೆ ಹೀಗೆ ಒಳಗೆ ಹೊಲಿಯುವ ಟಿಶ್ಯೂ ತುಂಡು. ಹಂದಿಯ ಚರ್ಮದಿಂದ, ದನದ ಹೃದಯದ ಪೊರೆಯಿಂದ ಮಾಡಿದ ಗ್ರಾಫ್ಟೂ ಇವೆ. ಬೇಡ ಎನ್ನುವವರು ಇರುತ್ತಾರೆ, ಅಲ್ವಾ? ತೀರಿಕೊಂಡವರದ್ದು ಎಂದರೆ ಹಿಂಜರಿಯುವವರೂ ಇದ್ದಾರೆ, ಸಂತೋಷದಿಂದ ಒಪ್ಪುವವರೂ ಇದ್ದಾರೆ. ಕೇಳಿದರೆ ತಾನೇ ಗೊತ್ತಾಗುವುದು.

ಪ್ಯಾಕೆಟ್ ಜೊತೆ ಸ್ಟಿಕ್ಕರ್‌ಗಳು ಬರುತ್ತವೆ. ಟಿಶ್ಯೂ ಯಾವುದು, ಅದರ ನಂಬರ್ ಏನು ಎಂದು ಅದರಲ್ಲಿರುತ್ತದೆ. ಒಂದನ್ನು ಕೇಸ್ ಶೀಟ್‌ಗೆ ಅಂಟಿಸುತ್ತಿದ್ದೆವು, ಉಳಿದದ್ದು ಕಸದ ಬುಟ್ಟಿಗೆ. ವರ್ಷಗಳ ನಂತರ ಮತ್ತೆ ಜಾರಿದಾಗ ಹೊಸ ಡಾಕ್ಟರು 'ಒಳಗೆ ಏನು ಹಾಕಿದ್ದಾರೆ' ಎಂದು ಕೇಳಿದರೆ ಆಕೆ ಏನು ಹೇಳಬೇಕು? ಇನ್ನೊಂದು ಸ್ಟಿಕ್ಕರ್ ಅನ್ನು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿ ಕೊಡುವುದನ್ನು ಆಸ್ಪತ್ರೆಗಳು ಕಡ್ಡಾಯ ಮಾಡಿಕೊಳ್ಳಲಿ. ಖರ್ಚೇನೂ ಇಲ್ಲ.

— ನಿವೃತ್ತ ನರ್ಸ್