ಗೋಲ್ ಕಾಯುವ ಹುಡುಗನಿಗೆ

ಪ್ರೀತಿಯ ಪುಟ್ಟಾ,

ಎರಡು ಕಡೆಯಿಂದ ಕರೆ ಬಂದಿದೆ ಅಂತ ನಿಮ್ಮಪ್ಪ ಹೇಳಿದ. ಒಂದು, ನಿನ್ನನ್ನು ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹುಡುಗರನ್ನು ಆರಿಸುವಾಗ, ಆರಿಸಿಕೊಂಡ ಒಂಟಾರಿಯೋ ಹಾಕಿ ಲೀಗ್ ತಂಡ. ಕೆನಡಾದ ಐಸ್ ಹಾಕಿಯಲ್ಲಿ ನಿನ್ನ ವಯಸ್ಸಿನವರಿಗೆ ಅದು ದೊಡ್ಡ ಲೀಗ್. ಅಲ್ಲಿ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಗೋಲ್ ಕಾಯುತ್ತಿದ್ದಾನೆ, ನೀನು ಅವನಿಗೆ ಬ್ಯಾಕಪ್. ಇನ್ನೊಂದು ಜೂನಿಯರ್ ಎ ತಂಡ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. ಹೆಸರು ಚಿಕ್ಕದು, ಆದರೆ ಗೋಲ್ ನಿನ್ನದೇ. ಮನೆಯವರೆಲ್ಲ ದೊಡ್ಡ ಹೆಸರಿನ ಕಡೆ ವಾಲಿದ್ದಾರಂತೆ. ನಾನು ಒಪ್ಪುವುದಿಲ್ಲ. ಈ ವರ್ಷ ನೀನು ಚಿಕ್ಕ ತಂಡಕ್ಕೇ ಹೋಗು.

ಫಾರ್ವರ್ಡ್ ಹುಡುಗರ ಲೆಕ್ಕ ಬೇರೆ. ಸರದಿಯಲ್ಲಿ ಇಳಿಯುವ ಗುಂಪುಗಳಲ್ಲಿ ಕೊನೆಯದಾದ ನಾಲ್ಕನೇ ಲೈನ್‌ಗೆ ಹಾಕಿದರೂ ಪ್ರತಿ ಪಂದ್ಯದಲ್ಲಿ ಏಳೆಂಟು ನಿಮಿಷ ಐಸ್ ಮೇಲಿರುತ್ತಾರೆ. ಗೋಲ್‌ಕೀಪರ್‌ಗೆ ಆ ನಡುವಿನ ದಾರಿಯೇ ಇಲ್ಲ. ಆಡಿದರೆ 60 ನಿಮಿಷ, ಇಲ್ಲದಿದ್ದರೆ ಬೆಂಚಿನ ತುದಿಯಲ್ಲಿ ಕೂತು ಬಾಗಿಲು ತೆಗೆಯುವ ಕೆಲಸ.

ಪ್ರಾಕ್ಟೀಸ್‌ನಲ್ಲಿ ಶಾಟ್ ಸಿಗುತ್ತವಲ್ಲ ಅಂತ ನೀನು ಕೇಳಬಹುದು. ಸಿಗುತ್ತವೆ, ಬೇಕಾದಷ್ಟು. ಆದರೆ ಅವು ಬೇರೆ ಜಾತಿಯವು. ಹುಡುಗರು ಸಾಲಾಗಿ ಬರುತ್ತಾರೆ, ಗುರಿ ನೋಡಿ ಹೊಡೆಯುತ್ತಾರೆ, ತಿರುಗಿ ಹೋಗುತ್ತಾರೆ. ರೀಬೌಂಡ್‌ಗೆ ಯಾರೂ ಮುಗಿಬೀಳುವುದಿಲ್ಲ. ಪಂದ್ಯದಲ್ಲಿ ಹಾಗಲ್ಲ. ನಿನ್ನ ಮೂಗಿನ ಮುಂದೆ ನಾಲ್ಕು ಜನ ಗುದ್ದಾಡುತ್ತಿರುತ್ತಾರೆ. ದೂರದ ಬ್ಲೂ ಲೈನ್‌ನಿಂದ ಹೊರಟ ಪಕ್ಕನ್ನು, ಆ ರಬ್ಬರ್ ಬಿಲ್ಲೆಯನ್ನು, ಅವರ ಕಾಲುಗಳ ಸಂದಿಯಲ್ಲಿ ಹುಡುಕಬೇಕು. ಅದು ಯಾರದೋ ಸ್ಟಿಕ್‌ಗೆ ತಾಗಿ ದಿಕ್ಕು ಬದಲಿಸುತ್ತದೆ. ತಡೆದರೂ ಕೆಲಸ ಮುಗಿಯಲಿಲ್ಲ, ಅದು ಎಲ್ಲಿ ಬಿತ್ತು ಅಂತ ಎಲ್ಲರಿಗಿಂತ ಮೊದಲು ಗೊತ್ತಾಗಬೇಕು. ಎರಡನೇ ನಿಮಿಷದಲ್ಲೇ ಒಂದು ಸುಲಭದ ಗೋಲ್ ಬಿಟ್ಟುಕೊಟ್ಟು, ಉಳಿದ 58 ನಿಮಿಷ ಅಲ್ಲೇ ನಿಲ್ಲುವುದನ್ನಂತೂ ಯಾವ ಕೋಚ್ ಕೂಡ ಹೇಳಿಕೊಡಲಾರ.

ಹಾಗಂತ ಪಂದ್ಯ ಜಾಸ್ತಿ ಆದಷ್ಟೂ ಒಳ್ಳೆಯದು ಅಂತಲೂ ಅಲ್ಲ. ಒಂಟಾರಿಯೋ ಲೀಗ್‌ನಲ್ಲಿ ಸೀಸನ್‌ಗೆ 68 ಪಂದ್ಯ. ನಡುವೆ ಉದ್ದುದ್ದ ಬಸ್ ಪ್ರಯಾಣ. ದಿನವೂ ಬಟರ್‌ಫ್ಲೈಗೆ, ಅಂದರೆ ಮಂಡಿಯೂರಿ ಕಾಲುಗಳನ್ನು ಎರಡೂ ಕಡೆ ಚಾಚುವ ಭಂಗಿಗೆ, ಇಳಿದು ಏಳುವ ಸೊಂಟದ ಕೀಲುಗಳು ಇನ್ನೂ ಬೆಳೆಯುತ್ತಿರುವ ವಯಸ್ಸು ನಿನ್ನದು. ದಣಿದಾಗ ಮೊದಲು ಕೆಡುವುದು ಕಾಲಿನ ಚಲನೆ. ಆಮೇಲೆ ಗೋಲಿನೊಳಗೆ ತೀರಾ ಹಿಂದೆ ನಿಲ್ಲುವ ಚಾಳಿ ಅಂಟಿಕೊಳ್ಳುತ್ತದೆ. ಅಮೆರಿಕದ ಕಾಲೇಜು ಹಾಕಿಯಲ್ಲಿ ಪಂದ್ಯಗಳು ಸುಮಾರು ಅದರ ಅರ್ಧ, ಹೆಚ್ಚಾಗಿ ಶುಕ್ರವಾರ ಮತ್ತು ಶನಿವಾರ. ಉಳಿದ ದಿನ ಪ್ರಾಕ್ಟೀಸ್ ಮತ್ತು ಜಿಮ್. ತಂತ್ರ ತಿದ್ದಿಕೊಳ್ಳಬೇಕಾದವನಿಗೆ ಅದು ಹೇಳಿ ಮಾಡಿಸಿದ ಜಾಗ. ನಿನಗೆ ಈಗ ಬೇಕಾದದ್ದು ಅದಲ್ಲ. ನಿನ್ನ ತಂತ್ರ ಚೆನ್ನಾಗಿದೆ, ಆಟ ಓದುವುದು ಕಡಿಮೆ. ಬೇಜಾರು ಮಾಡಿಕೊಳ್ಳಬೇಡ.

ಕಾಲೇಜಿನ ವಿಷಯದಲ್ಲಿ ನಿಮ್ಮಪ್ಪನ ತಲೆಯಲ್ಲಿ ಹಳೇ ನಿಯಮವೇ ಕೂತಿದೆ. ಮೊದಲು ಒಂಟಾರಿಯೋ, ವೆಸ್ಟರ್ನ್, ಕ್ವಿಬೆಕ್ ಎಂಬ ಮೂರು ದೊಡ್ಡ ಜೂನಿಯರ್ ಲೀಗ್‌ಗಳಲ್ಲಿ ಆಡಿದರೆ ಎನ್‌ಸಿಎಎ, ಅಂದರೆ ಅಮೆರಿಕದ ಕಾಲೇಜು ಕ್ರೀಡೆಯ ಸಂಸ್ಥೆ, ಬಾಗಿಲು ಮುಚ್ಚುತ್ತಿತ್ತು. ಹದಿನಾರಕ್ಕೇ ಹುಡುಗರು ಎದೆ ಹೊಡೆದುಕೊಂಡು ನಿರ್ಧರಿಸಬೇಕಿತ್ತು. 2024ರ ನವೆಂಬರ್‌ನಲ್ಲಿ ಆ ನಿಯಮ ಬದಲಾಯಿತು, 2025ರ ಆಗಸ್ಟ್ 1ರಿಂದ ಜಾರಿಗೆ ಬಂತು. ಆ ಭಯ ಈಗಿಲ್ಲ. ಆದರೆ ಅದೇ ಕಾರಣಕ್ಕೆ ಕಾಲೇಜು ಕೋಚ್‌ಗಳ ಮುಂದೆ ಈಗ ದೊಡ್ಡ ಲೀಗ್‌ಗಳಲ್ಲಿ ಪಳಗಿದ ಇಪ್ಪತ್ತರ ಗೋಲ್‌ಕೀಪರ್‌ಗಳೂ ಇದ್ದಾರೆ. ಬರೀ ದೊಡ್ಡ ಲೀಗ್‌ನ ಜೆರ್ಸಿ ಹಾಕಿ ಕೂತವನನ್ನು ಅವರೇಕೆ ಕರೆಯುತ್ತಾರೆ, ಹೇಳು?

ಕಾನರ್ ಹೆಲ್ಲೆಬಕ್ ಅಂದರೆ ನಿನಗೆ ಪ್ರಾಣ ಅಲ್ವಾ? ಅವನು ಜೂನಿಯರ್ ಆಡಿದ್ದು ಟೆಕ್ಸಸ್‌ನ ಒಡೆಸ್ಸಾದಲ್ಲಿ. ಹಾಕಿ ಅಂದರೆ ಯಾರಿಗೂ ನೆನಪಾಗುವ ಊರಲ್ಲ ಅದು. ಎಲ್ಲಕ್ಕಿಂತ ದೊಡ್ಡ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನ 2012ರ ಡ್ರಾಫ್ಟ್‌ನಲ್ಲಿ 130ನೆಯವನಾಗಿ ಆಯ್ಕೆಯಾದ. ಲೋವೆಲ್‌ನಲ್ಲಿ ಕಾಲೇಜು ಹಾಕಿ, ಆಮೇಲೆ ಎನ್‌ಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಎಎಚ್‌ಎಲ್, ಆಮೇಲೆ ಎನ್‌ಎಚ್‌ಎಲ್‌ನ ವಿನ್ನಿಪೆಗ್ ತಂಡ. ಅತ್ಯುತ್ತಮ ಗೋಲ್‌ಕೀಪರ್‌ಗೆ ಕೊಡುವ ವೆಜಿನಾ ಟ್ರೋಫಿ ಮೂರು ಸಲ ಬಂತು, 2025ರಲ್ಲಿ ಅತಿ ಮೌಲ್ಯದ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿಯೂ ಬಂತು. ಜೋರ್ಡನ್ ಬಿನ್ನಿಂಗ್ಟನ್ ಕಥೆ ಇನ್ನೂ ಮಜಾ. ಅವನ ಎನ್‌ಎಚ್‌ಎಲ್ ತಂಡ ಸೇಂಟ್ ಲೂಯಿಸ್ ಅವನನ್ನು 2017-18ರಲ್ಲಿ ಬಾಸ್ಟನ್‌ನ ಎಎಚ್‌ಎಲ್ ತಂಡಕ್ಕೆ ಸಾಲ ಕೊಟ್ಟಿತ್ತು. 2019ರ ಎನ್‌ಎಚ್‌ಎಲ್ ಫೈನಲ್‌ನಲ್ಲಿ ಅವನು ಸೋಲಿಸಿದ್ದು ಅದೇ ಬಾಸ್ಟನ್ ತಂಡವನ್ನು! ಆಗ ಅವನಿಗೆ 25. ಕೇರಿ ಪ್ರೈಸ್ ತರಹ ದೊಡ್ಡ ಜೂನಿಯರ್ ಲೀಗ್‌ನಿಂದಲೇ ಐದನೆಯವನಾಗಿ ಆಯ್ಕೆಯಾದವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಪ್ರೈಸ್ ಅಲ್ಲಿ ಗೋಲಿನಲ್ಲಿ ನಿಂತು ಆಡಿದ್ದ.

ಇನ್ನೊಂದು ಮಾತು. ಆ ಹತ್ತೊಂಬತ್ತರ ಹುಡುಗ ಮುಂದಿನ ವರ್ಷ ಹೋಗಿಬಿಡುತ್ತಾನೆ ಅಂತ ಯಾರೋ ನಿನಗೆ ಹೇಳಿದ್ದಾರೆ. ಸುಮ್ನೆ ನಂಬಬೇಡ. ಆ ಲೀಗ್‌ನಲ್ಲಿ ಪ್ರತಿ ತಂಡ ಇಪ್ಪತ್ತು ವರ್ಷದ ಮೂವರನ್ನು ಇಟ್ಟುಕೊಳ್ಳಬಹುದು. ಒಳ್ಳೆಯ ಗೋಲ್‌ಕೀಪರ್‌ಗೆ ಅದರಲ್ಲೊಂದು ಜಾಗ ಕೊಡುವುದೇನೂ ಹೊಸದಲ್ಲ. ಹಾಗಾದರೆ ನಿನಗೆ ಎರಡು ವರ್ಷ ಬೆಂಚು.

ಚಿಕ್ಕ ತಂಡವನ್ನೂ ಕಣ್ಣು ಮುಚ್ಚಿ ಒಪ್ಪಬೇಡ. ಗೋಲ್‌ಕೀಪಿಂಗ್ ಕೋಚ್ ವಾರದಲ್ಲಿ ಎಷ್ಟು ದಿನ ಐಸ್ ಮೇಲೆ ಬರುತ್ತಾರೆ ಕೇಳು. ತಿಂಗಳಿಗೊಮ್ಮೆ ಮುಖ ತೋರಿಸುವವರಾದರೆ ನನಗೆ ಹೇಳು, ಇನ್ನೊಮ್ಮೆ ಯೋಚಿಸೋಣ. ಕಳೆದ ವರ್ಷ ಪಂದ್ಯಕ್ಕೆ ಎಷ್ಟು ಶಾಟ್ ಬರುತ್ತಿದ್ದವು ಅಂತಲೂ ನೋಡು. ಮೂವತ್ತರ ಆಸುಪಾಸು ಇದ್ದರೆ ಒಳ್ಳೆಯದು. ದಿನವೂ ನಲವತ್ತೈದು ಬರುವ ಕಡೆ ನೀನು ಕಲಿಯುವುದಿಲ್ಲ, ಬರೀ ಬದುಕಿ ಉಳಿಯುತ್ತೀಯ. ಹದಿನೈದೇ ಬರುವ ಕಡೆ ನಿಂತಲ್ಲೇ ನಿದ್ದೆ ಬರುತ್ತದೆ.

ಒಂಟಾರಿಯೋ ತಂಡದವರಿಗೆ ಮುಖ ತಿರುಗಿಸಬೇಡ. ಈ ವರ್ಷ ಆಡಿ ಬರುತ್ತೇನೆ, ಮುಂದಿನ ಕ್ಯಾಂಪ್‌ಗೆ ಕರೆಯಿರಿ ಅಂತ ನೀನೇ ಹೇಳು, ಅಪ್ಪನ ಕೈಲಿ ಹೇಳಿಸಬೇಡ. ಜೂನಿಯರ್ ಎ ಕೋಚ್‌ಗೆ ಭಾನುವಾರದೊಳಗೆ ಫೋನ್ ಮಾಡು. ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೋ, ಶಾಲೆಯ ವಿಷಯ ಅವಳು ಕೇಳಿಕೊಳ್ಳುತ್ತಾಳೆ.

ನಿನ್ನ
ದೊಡ್ಡಪ್ಪ