ಸಿಸ್ಟರಮ್ಮನಿಗೆ, ಮತ್ತೆ ನಿಮಗೆಲ್ಲರಿಗೂ

ದೇವರಿಗೆ ಸ್ತೋತ್ರ. ನಮ್ಮ ಯಜಮಾನರು ಮನೆಗೆ ಬಂದಿದ್ದಾರೆ. ಕೋಲು ಹಿಡಿದು ಕೊಟ್ಟಿಗೆವರೆಗೂ ನಡೆಯುತ್ತಾರೆ. ಮುದ್ದೆ ಗಟ್ಟಿಯಾಯಿತು ಅಂತ ಗೊಣಗುವಷ್ಟು ದನಿಯೂ ಬಂದಿದೆ. ಏನಾಗಿತ್ತು, ಯಾವ ಆಸ್ಪತ್ರೆ, ಎಷ್ಟು ಖರ್ಚಾಯಿತು, ಇದೆಲ್ಲ ನಿಮಗೆ ಗೊತ್ತು. ಓಡಾಡಿದವರು ನೀವೇ ಅಲ್ವಾ. ಅದನ್ನು ಮತ್ತೆ ಬರೆಯುವುದಿಲ್ಲ.

ನಮ್ಮ ಚರ್ಚಿನ ಸಭೆಯ ಅಯ್ಯನವರಿಗೆ, ಉಪವಾಸ ಪ್ರಾರ್ಥನೆ ಇಟ್ಟ ಮಹಿಳಾ ಕೂಟದವರಿಗೆ, ಆರೋಗ್ಯ ಕರ್ನಾಟಕ ಕಾರ್ಡಿನ ಕಾಗದ ಹಿಡಿದು ಕೌಂಟರಿಂದ ಕೌಂಟರಿಗೆ ಅಲೆದ ಹುಡುಗರಿಗೆ, ದಿನಾ ಎರಡು ಹೊತ್ತು ನಮ್ಮ ಹಸು ಕರೆದು ಡೇರಿಗೆ ಹಾಲು ಹಾಕಿದ ಪಕ್ಕದ ಮನೆ ಅಕ್ಕನಿಗೆ, ಮಕ್ಕಳನ್ನು ಕೂರಿಸಿ ಊಟ ಹಾಕಿದ ಎದುರು ಮನೆ ಸಾಬರ ಮನೆಯವರಿಗೆ, "ಲೆಕ್ಕ ಆಮೇಲೆ ನೋಡೋಣ, ಮೊದಲು ಅಣ್ಣನನ್ನ ನೋಡ್ಕೊಳ್ಳಿ" ಅಂದ ಮಂಡಿ ಸಾಹುಕಾರರಿಗೆ ಕೈ ಮುಗಿಯುತ್ತೇನೆ. ಒಬ್ಬೊಬ್ಬರಿಗೂ ಒಂದೊಂದು ಪುಟ ಬರೆದರೂ ಕಡಿಮೆಯೇ. ಆದರೂ ಇವತ್ತು ಬರೆಯುವುದು ಜಾಸ್ತಿ ಒಬ್ಬರ ಬಗ್ಗೆ. ಬೇಜಾರು ಮಾಡಿಕೊಳ್ಳಬೇಡಿ. ಯಾರು ಅಂತ ನಿಮಗೆ ಆಗಲೇ ಗೊತ್ತಾಗಿರುತ್ತದೆ.

ಸಿಸ್ಟರಮ್ಮನನ್ನು ಹೆಸರು ಹಿಡಿದು ಕರೆಯುವವರು ನಮ್ಮ ಸಭೆಯಲ್ಲಿ ಇಲ್ಲ. ಮೆಥಡಿಸ್ಟ್ ಮಿಷನ್‌ನವರು ನೂರು ವರ್ಷಕ್ಕೂ ಹಿಂದೆ ಕೋಲಾರದಲ್ಲಿ ಕಟ್ಟಿದ ಇಟಿಸಿಎಂ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಕಲಿತವರು. ಈಗ ರಿಟೈರ್ ಆಗಿದ್ದಾರೆ, ಮೊಣಕಾಲು ನೋವು, ಬಸ್ ಹತ್ತುವುದೇ ಕಷ್ಟ. ಆ ರಾತ್ರಿ ಯಾರೋ ಫೋನ್ ಮಾಡಿ ಹೇಳಿದರಂತೆ. ಮಗನ ಬೈಕ್ ಹಿಂದೆ ಕೂತು ಬಂದರು. ಒಂದು ಫ್ಲಾಸ್ಕ್, ಒಂದು ಶಾಲು, ಕನ್ನಡಕದ ಡಬ್ಬಿ. ಮಗನನ್ನು ಗೇಟಿನಿಂದಲೇ ವಾಪಸ್ ಕಳಿಸಿದರು.

ನಾನು ಒಬ್ಬಳೇ ಇದ್ದೆ. ಮೈದುನ ದುಡ್ಡು ಹೊಂದಿಸೋಕೆ ಮುಳಬಾಗಿಲಿಗೆ ಹೋಗಿದ್ದ. ಡಾಕ್ಟರ್ ಬಂದು, ಬೆಂಗಳೂರಿಗೆ ಕರೆದುಕೊಂಡು ಹೋಗುವುದಾದರೆ ಹೋಗಿ, ಇಲ್ಲೇ ನೋಡಿ ಅಂದರೆ ನೋಡುತ್ತೇವೆ, ನೀವು ಬೇಗ ಹೇಳಬೇಕು ಅಂದು ಒಳಗೆ ಹೋದರು. ನಾನು ಹೇಳಬೇಕಂತೆ! ಟೊಮೆಟೊ ಯಾವಾಗ ಕೀಳಿಸಬೇಕು, ಯಾವ ಮಂಡಿಗೆ ಹಾಕಬೇಕು, ಮಗಳನ್ನು ಯಾವ ಕಾಲೇಜಿಗೆ ಸೇರಿಸಬೇಕು, ಎಲ್ಲ ಇವರೇ ನೋಡುತ್ತಿದ್ದ ಮನೆ ನಮ್ಮದು. ಈಗ ಇವರ ವಿಷಯವನ್ನೇ ನಾನು ತೀರ್ಮಾನ ಮಾಡಬೇಕು.

ಅಷ್ಟು ಹೊತ್ತಿಗೆ ಫೋನುಗಳು ಶುರುವಾದವು. ಒಬ್ಬರು, "ಪ್ರಾರ್ಥನೆಯಲ್ಲಿ ದೇವರು ನನಗೆ ತೋರಿಸಿದ್ರು, ತಕ್ಷಣ ಬೆಂಗಳೂರಿಗೆ ಹೊರಡಿ" ಅಂದರು. ಇನ್ನೊಬ್ಬರು, "ಸುಮ್ಮನೆ ನಿಂತಿರು ಅಂತ ವಾಕ್ಯ ಬಂತು, ಅಲ್ಲಿಂದ ಕದಲಬೇಡ" ಅಂದರು. ಇಬ್ಬರೂ ನನ್ನ ಮೇಲಿನ ಪ್ರೀತಿಗೇ ಹೇಳಿದ್ದು. ಇಬ್ಬರೂ ಇದನ್ನು ಓದುತ್ತಾರೆ, ನನಗೆ ಅವರ ಮೇಲೆ ಬೇಸರ ಇಲ್ಲ. ಆದರೆ ಒಬ್ಬನೇ ದೇವರು ಒಂದೇ ರಾತ್ರಿ ಎರಡು ಮಾತು ಆಡುತ್ತಾನಾ ಅಂತ ತಲೆ ಕೆಟ್ಟುಹೋಯಿತು. ಬ್ಯಾಗಿನಲ್ಲಿದ್ದ ಬೈಬಲ್ ತೆಗೆದೆ. ಕಣ್ಣು ಮುಚ್ಚಿ ಪುಟ ತೆರೆದು ಬೆರಳಿಟ್ಟೆ. ನಮ್ಮ ಕಡೆ ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುತ್ತಾರಲ್ಲ, ಕಾಯಿ ಎದ್ದು ನಿಂತ ಕಡೆ ಬೋರ್ ಪಾಯಿಂಟ್ ಅಂತ, ಹಾಗೆ. ಬಂದಿದ್ದು ಅರಣ್ಯಕಾಂಡ. ಇಸ್ರಾಯೇಲ್ಯರ ಜನಗಣತಿ. ಯಾವ ಕುಲದಲ್ಲಿ ಎಷ್ಟು ಸಾವಿರ ಗಂಡಸರು ಅಂತ.

ಸಿಸ್ಟರಮ್ಮ ಪಕ್ಕದಲ್ಲೇ ಕೂತು ನೋಡುತ್ತಿದ್ದರು. ನಗಲಿಲ್ಲ, ಬೈಯಲೂ ಇಲ್ಲ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೈಗೆ ಕೊಟ್ಟರು. "ದೇವರು ನಿಮಗೆ ಏನಾದ್ರೂ ಹೇಳಿದ್ರಾ ಸಿಸ್ಟರಮ್ಮ?" ಅಂದೆ.

"ನನಗೇನೂ ಹೇಳಿಲ್ಲ ತಾಯಿ. ಡಾಕ್ಟರ್ ಏನು ಹೇಳಿದ್ರು, ಅದನ್ನ ಹೇಳು."

ಹೇಳಿದೆ. ಅರ್ಧ ಸರಿಯಾಗಿ ಕೇಳಿಸಿಕೊಂಡೇ ಇರಲಿಲ್ಲ ಅಂತ ಹೇಳುವಾಗ ಗೊತ್ತಾಯಿತು. ಅವರು ಔಷಧಿ ಬಿಲ್ಲಿನ ಹಿಂದೆ ಬರೆಯಿಸಿದರು. ಈ ಸ್ಥಿತಿಯಲ್ಲಿ ಆಂಬುಲೆನ್ಸಿನಲ್ಲಿ ಅಷ್ಟು ದೂರ ಹೋದರೆ ತಡೆಯುತ್ತಾರಾ? ಅಲ್ಲಿ ಮಾಡುವಂಥದ್ದು, ಇಲ್ಲಿ ಮಾಡಲಾಗದ್ದು ಏನಿದೆ? ಬೆಳಗಿನವರೆಗೆ ಕಾದರೆ ಏನು ಕಳೆದುಕೊಳ್ಳುತ್ತೇವೆ? "ಹೋಗಿ ಇಷ್ಟು ಕೇಳ್ಕೊಂಡು ಬಾ. ಭಯ ಪಡಬೇಡ, ಕೇಳೋದು ನಿನ್ನ ಹಕ್ಕು." ನಾನು ನೀವೇ ಬನ್ನಿ ಅಂದೆ. "ನಾನು ಬಂದ್ರೆ ನನ್ನ ಹತ್ರ ಮಾತಾಡ್ತಾರೆ. ನಾಳೆಯಿಂದ ಅವರ ಹತ್ರ ದಿನಾ ಮಾತಾಡಬೇಕಾದವಳು ನೀನು" ಅಂದರು.

ಹೋಗಿ ಕೇಳಿದೆ. ಡ್ಯೂಟಿ ಡಾಕ್ಟರ್ ನಿಂತು, ನಿಧಾನಕ್ಕೆ, ಒಂದೊಂದಾಗಿ ಹೇಳಿದರು. ಅವರ ಉತ್ತರ ಕೇಳಿದ ಮೇಲೆ ತೀರ್ಮಾನ ಮಾಡುವುದಕ್ಕೆ ಅಂಥದ್ದೇನೂ ಉಳಿದಿರಲಿಲ್ಲ. ಈ ರಾತ್ರಿ ಇಲ್ಲೇ. ಬೆಳಿಗ್ಗೆ ಮತ್ತೆ ನೋಡುವುದು.

ವಾಪಸ್ ಬಂದ ಮೇಲೆ ಅವರು ಪ್ರಾರ್ಥನೆ ಮಾಡಿದರು. ಉದ್ದ ಪ್ರಾರ್ಥನೆ ಅಲ್ಲ. ಯೆಹೋಷಾಫಾಟ ಅರಸನ ಕಥೆ ಗೊತ್ತಲ್ಲ, ಬೈಬಲಿನ ಎರಡನೆಯ ಪೂರ್ವಕಾಲವೃತ್ತಾಂತದಲ್ಲಿ, 20ನೇ ಅಧ್ಯಾಯ. ಮೋವಾಬ್ಯರು, ಅಮ್ಮೋನಿಯರು ದೊಡ್ಡ ಗುಂಪು ಕಟ್ಟಿಕೊಂಡು ಮೇಲೆ ಬಿದ್ದಾಗ ಅವನು ಜನರೆಲ್ಲರ ಮುಂದೆ ನಿಂತು, ಏನು ಮಾಡಬೇಕೋ ನಮಗೆ ತಿಳಿಯದು, ನಮ್ಮ ಕಣ್ಣು ನಿನ್ನ ಮೇಲಿದೆ ಅನ್ನುತ್ತಾನೆ. ಒಬ್ಬ ರಾಜ, ಪ್ರಜೆಗಳ ಎದುರಿಗೆ, ನನಗೆ ಗೊತ್ತಾಗುತ್ತಿಲ್ಲ ಅಂತ! ಸಿಸ್ಟರಮ್ಮ ಅಷ್ಟನ್ನೇ ನಮ್ಮ ಮಾತಿನಲ್ಲಿ ಹೇಳಿ ಆಮೆನ್ ಅಂದರು.

ಇದಾದ ಮೇಲೆ ನಡೆದಿದ್ದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಬರೆಯುತ್ತೇನೆ. ಮೂರು ಗಂಟೆ ಹೊತ್ತಿಗೆ ಒಳಗಿಂದ ಮಷಿನ್ ಸದ್ದು, ನರ್ಸ್‌ಗಳು ಓಡಿದರು, ಬಾಗಿಲು ಹಾಕಿದರು. ನಾನು ಗೋಡೆಗೆ ಒರಗಿಕೊಂಡು ಕೂಗಿಬಿಟ್ಟೆ. ನನಗೆ ನಿನ್ನ ಜ್ಞಾನ ಬೇಡ, ನಿನ್ನ ಚಿತ್ತ ಬೇಡ, ನನ್ನ ಗಂಡನನ್ನು ಕೊಡು ಅಂತ. ಇನ್ನೂ ಏನೇನೋ ಅಂದೆ, ಇಲ್ಲಿ ಹಾಕುವ ಮಾತಲ್ಲ. ಸೆಕ್ಯುರಿಟಿಯವರು ಎದ್ದು ಬಂದರು. ಸಿಸ್ಟರಮ್ಮ ಅವರಿಗೆ ಕೈಸನ್ನೆ ಮಾಡಿ ಕಳಿಸಿ, ಶಾಲು ತಂದು ನನಗೆ ಹೊದಿಸಿದರು. ದೇವರ ಹತ್ತಿರ ಹೀಗೆಲ್ಲ ಮಾತಾಡಬಾರದು ಅನ್ನುತ್ತಾರೆ ಅಂತ ಕಾದಿದ್ದೆ. "ಕೇಳಿದವರನ್ನ ಹಂಗಿಸದೆ ಕೊಡ್ತಾನೆ ಅಂತ ಯಾಕೋಬ ಬರೆದಿದ್ದಾನೆ. ನಿನಗೆ ಹೇಗೆ ಬರುತ್ತೋ ಹಾಗೆ ಕೇಳು" ಅಂದರು. ಆಮೇಲೆ ಬೆಳಗಾಗುವವರೆಗೆ ಏನೂ ಮಾತಾಡಲಿಲ್ಲ. ಆ ಮೊಣಕಾಲು ಇಟ್ಟುಕೊಂಡು, ಆ ಕಬ್ಬಿಣದ ಬೆಂಚಿನ ಮೇಲೆ, ಎದ್ದು ಹೋಗಲೂ ಇಲ್ಲ.

ಇವರು ಉಳಿದರು, ಅದಕ್ಕೆ ನಾನು ಇದನ್ನೆಲ್ಲ ಬರೆಯುತ್ತಿದ್ದೇನೆ. ಅದೇ ವಾರ್ಡಿನಲ್ಲಿ ಇನ್ನೊಂದು ಮನೆಯವರೂ ಇದ್ದರು. ಅವರೂ ಪ್ರಾರ್ಥನೆ ಮಾಡಿದರು, ಅವರೂ ಡಾಕ್ಟರನ್ನು ಕೇಳಿಯೇ ತೀರ್ಮಾನ ಮಾಡಿದರು. ಅವರ ಹುಡುಗ ಉಳಿಯಲಿಲ್ಲ. ಆದ್ದರಿಂದ ದೇವರು ಮಾಡಿದ್ದನ್ನು ಸಭೆ ಮುಂದೆ ಸಾಕ್ಷಿ ಹೇಳು ಅಂತ ಕರೆದಾಗ, ನಾನು ಸರಿಯಾಗಿ ಕೇಳಿದೆ, ದೇವರು ಸರಿಯಾದ ದಾರಿ ತೋರಿಸಿದ ಅಂತ ಹೇಳೋಕೆ ನನಗೆ ಬಾಯಿ ಬರುವುದಿಲ್ಲ. ಆ ತಾಯಿ ಮುಂದಿನ ಬೆಂಚಿನಲ್ಲಿ ಕೂತಿದ್ದರೆ ಹೇಳೋಕಾಗುತ್ತಾ? ನಾನು ಹೇಳಬಹುದಾದ್ದು ಇಷ್ಟೇ. ಆ ರಾತ್ರಿಗೆ ಎಷ್ಟು ಬುದ್ಧಿ ಬೇಕಿತ್ತೋ ಅಷ್ಟು ಸಿಕ್ಕಿತು. ಮಾರನೇ ದಿನದ್ದು ಮಾರನೇ ದಿನ ಕೇಳಬೇಕಾಯಿತು.

ಸುವಾರ್ತೆ ಸಾರಲು ಹೊರಟ ಪೌಲನಿಗೂ ಹಾಗೇ ಆಗಿದೆ, ಬೈಬಲಿನ ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯ ನೋಡಿ. ಆಸ್ಯಕ್ಕೆ ಹೋಗಬೇಡ ಅಂತ ತಡೆ. ಬಿಥೂನ್ಯಕ್ಕೆ ಹೊರಟರೆ ಅದಕ್ಕೂ ತಡೆ. ಮತ್ತೆಲ್ಲಿಗೆ ಅಂತ ಅಲ್ಲಿ ಹೇಳಿಲ್ಲ. ನಡೆದು ನಡೆದು ಸಮುದ್ರದ ದಡದ ತ್ರೋವಕ್ಕೆ ಬಂದ ಮೇಲೆಯೇ ಮಕೆದೋನ್ಯದ ಮನುಷ್ಯನ ದರ್ಶನ. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಬೈಬಲ್ ವಾಕ್ಯ ಬರೆದ ವಾಗ್ದಾನದ ಕಾರ್ಡ್ ತೆಗೆದು ಇಡೀ ವರ್ಷದ ದಾರಿ ಗೊತ್ತಾಯಿತು ಅಂದುಕೊಳ್ಳುವ ನಮಗೆ ಇದು ಸ್ವಲ್ಪ ಕಷ್ಟ. ನನ್ನ ಕಾರ್ಡನ್ನೂ ಫ್ರಿಜ್ ಮೇಲೆ ಅಂಟಿಸಿದ್ದೇನೆ, ತೆಗೆದಿಲ್ಲ.

ಮನೆಗೆ ಬಂದ ಮೇಲೆ ಸಿಸ್ಟರಮ್ಮ ಇನ್ನೊಂದು ಕೆಲಸ ಹಚ್ಚಿದರು. ಬೈಬಲಿನ ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ ಇವೆ, ತಾರೀಕಿಗೆ ಒಂದು ಓದು ಅಂದರು. ಹಾಲು ಹಾಕಿ ಬಂದು ಓದುತ್ತೇನೆ. ಕೆಲವು ದಿನ ಏನೂ ಹತ್ತುವುದಿಲ್ಲ. ಕೆಲವು ದಿನ, ಸಾಲಕ್ಕೆ ಜಾಮೀನು ನಿಲ್ಲಬೇಡ ಅನ್ನುವಂಥ ಮಾತು ಸರಿಯಾಗಿ ಮೈದುನ ಜಾಮೀನಿನ ಕಾಗದ ತಂದ ದಿನವೇ ಬರುತ್ತದೆ. ಅವನಿಗೂ ಓದಿ ಹೇಳಿದೆ. ಅವನಿಗೆ ಅಷ್ಟು ಖುಷಿಯಾಗಲಿಲ್ಲ.

ಈ ಸಲದ ಬೆಳೆ ತೀರ್ಮಾನವೂ ನನ್ನ ಮೇಲೇ ಬಿತ್ತು. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಸಾಲ ಇದೆಯಲ್ಲ, ಪೂರ್ತಿ ಟೊಮೆಟೊ ಹಾಕು, ದೇವರು ನೋಡಿಕೊಳ್ಳುತ್ತಾನೆ ಅಂದವರೇ ಜಾಸ್ತಿ. ದೇವರು ನೋಡಿಕೊಳ್ಳುತ್ತಾನೆ, ನಿಜ. ಆದರೆ ನಮ್ಮ ತೋಟಕ್ಕೆ ಹೋದ ಸಲ ಎಲೆ ಮುಟುರು ರೋಗ ಬಂದಿದ್ದೂ ನಿಜ. ಜ್ಞಾನೋಕ್ತಿಯ ಕೊನೆ ಅಧ್ಯಾಯದ ಹೆಂಗಸು ಹೊಲ ಕೊಳ್ಳುವ ಮುಂಚೆ ಅದನ್ನು ನೋಡಿ, ಯೋಚಿಸಿ ಆಮೇಲೆ ಕೊಳ್ಳುತ್ತಾಳೆ. ನಾನೂ ಮಣ್ಣು ಕಟ್ಟಿಕೊಂಡು ತಮಕದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೇಳಿದೆ. ಆ ರೋಗ ಹರಡುವ ಬಿಳಿ ನೊಣದ ಬಗ್ಗೆ ಕೇಳಿದೆ, ನರ್ಸರಿಯವರನ್ನು ಕೇಳಿದೆ, ಮಂಡಿಯಲ್ಲಿ ಕೇಳಿದೆ. ಪ್ರಾರ್ಥನೆ ಮಾಡಿಕೊಂಡೇ ಕೇಳಿದೆ. ಕೊನೆಗೆ ಅರ್ಧ ಎಕರೆ ಟೊಮೆಟೊ, ಉಳಿದಿದ್ದಕ್ಕೆ ರಾಗಿ, ಬದಿಗೆ ಹಸುವಿಗೆ ಮೇವು. ರೇಟ್ ಏರಿದರೆ ಊರೆಲ್ಲ ನನ್ನನ್ನು ನೋಡಿ ನಗುತ್ತದೆ. ನಗಲಿ.

ಬೋರ್ ವಿಷಯ ಇನ್ನೂ ತೀರ್ಮಾನ ಆಗಿಲ್ಲ. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೆರೆಗೆ ಬಿಡುವ ನೀರು, ಬರಲು ಶುರುವಾದ ಮೇಲೆ ನಮ್ಮ ಕಡೆ ಕೆರೆ ತುಂಬಿ ಹಳೆ ಬೋರ್‌ನಲ್ಲೇ ಸ್ವಲ್ಪ ನೀರು ಏರಿದೆ. ಹೊಸದು ಕೊರೆಸುವುದಾ, ಹಳೆಯದನ್ನೇ ಇನ್ನೂ ಆಳಕ್ಕೆ ಇಳಿಸಿ ನೋಡುವುದಾ? ಇದಕ್ಕೆ ನಿಮ್ಮ ಪ್ರಾರ್ಥನೆ ಬೇಕು. ಬೋರ್ ಬಗ್ಗೆ ತಿಳಿದವರು ಯಾರಾದರೂ ಇದ್ದರೆ ಪ್ರಾರ್ಥನೆಯ ಜೊತೆ ಒಂದು ಫೋನೂ ಮಾಡಿ.

ಸಿಸ್ಟರಮ್ಮ, ನಿಮಗೆ ಇದು ಇಷ್ಟ ಆಗುವುದಿಲ್ಲ ಅಂತ ಗೊತ್ತು. "ನನ್ನ ಬಗ್ಗೆ ಯಾಕೆ ಬರೆದೆ, ದೇವರಿಗೆ ಮಹಿಮೆ ಕೊಡು" ಅನ್ನುತ್ತೀರಿ. ಕೊಟ್ಟಿದ್ದೇನೆ, ಮೊದಲ ಸಾಲಲ್ಲೇ ಇದೆ. ನಿಮ್ಮ ಮೊಣಕಾಲು ತೋರಿಸಲು ಗುರುವಾರ ನಾನೇ ಕರೆದುಕೊಂಡು ಹೋಗುತ್ತೇನೆ. ಕೇಳಬೇಕಾದ್ದನ್ನು ಬಿಲ್ಲಿನ ಹಿಂದೆ ಬರೆದುಕೊಂಡು ಬರುತ್ತೇನೆ, ನೀವು ಸುಮ್ನೆ ಕೂತರೆ ಸಾಕು.

ಉಳಿದವರೆಲ್ಲ ಬರುವ ಭಾನುವಾರ ಆರಾಧನೆ ಮುಗಿಸಿಕೊಂಡು ಮನೆಗೆ ಊಟಕ್ಕೆ ಬನ್ನಿ. ಕೃತಜ್ಞತಾ ಪ್ರಾರ್ಥನೆ ಚಿಕ್ಕದಾಗಿ ಇರುತ್ತದೆ ಅಂತ ಅಯ್ಯನವರು ಮಾತು ಕೊಟ್ಟಿದ್ದಾರೆ. ಮುದ್ದೆ, ನಾಟಿ ಕೋಳಿ ಸಾರು, ತಿನ್ನದವರಿಗೆ ಬಸ್ಸಾರು. ಆಸ್ಪತ್ರೆಗೆ ಊಟ ಕಳಿಸಿದ ಕ್ಯಾರಿಯರ್‌ಗಳು ನಮ್ಮ ಮನೆಯಲ್ಲಿ ರಾಶಿ ಬಿದ್ದಿವೆ. ಯಾವುದು ಯಾರದು ಅಂತ ನನಗೆ ತಿಳಿಯುತ್ತಿಲ್ಲ. ಬಂದವರು ನಿಮ್ಮದು ಗುರುತು ಹಿಡಿದು ತೆಗೆದುಕೊಂಡು ಹೋಗಿ.