ಅರ್ಧ ಸುದ್ದಿ ಛಾಪಿಸಿದಿರಿ, ಅರ್ಧ ರಾತ್ರಿ ನಾನು ಅಲೆದೆ

ಸಂಪಾದಕರಿಗೆ,

ಕಳೆದ ರವಿವಾರ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ‘ಸೆಪ್ಸಿಸ್‌ಗೆ ವಿಟಮಿನ್ ರಾಮಬಾಣ’ ಬರಹವನ್ನು ನಮ್ಮ ಮನೆಯಲ್ಲಿ ಎಲ್ಲರೂ ಓದಿದರು. ಸೋಂಕಿಗೆ ಮೈ ಅತಿಯಾಗಿ ಕೆರಳಿ ಅಂಗಾಂಗ ಸೋಲುವುದೇ ಸೆಪ್ಸಿಸ್; ಅದಕ್ಕೆ ಬೇರೆ ಎರಡು ಔಷಧದ ಜೊತೆ ವಿಟಮಿನ್ ಸಿ ಇಂಜೆಕ್ಷನ್ ಕೊಟ್ಟರೆ ಸಾವು ತೀರಾ ಕಡಿಮೆ ಎಂಬುದು ಆ ಬರಹದ ಸಾರ. ಅದರ ಫಲವನ್ನು ಮಂಗಳವಾರ ರಾತ್ರಿ ನಾನೊಬ್ಬನೇ ಉಂಡೆ.

ನಮ್ಮ ಕಾಕಾಗೆ ಹದಿನೈದು ವರ್ಷದಿಂದ ಶುಗರ್. ಕಬ್ಬಿನ ಕೂಳೆ ಕಾಲಿಗೆ ಚುಚ್ಚಿದ್ದನ್ನು ಅರಿಶಿನ ಹಚ್ಚಿ ಮುಚ್ಚಿಟ್ಟಿದ್ದರು. ಮಂಗಳವಾರ ಸಂಜೆ ಮೈ ಗಡಗಡ ನಡುಗಿ, ಮಾತು ತೊದಲತೊಡಗಿತು. ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಒಯ್ದರೆ ‘ಡಾಕ್ಟರು ಮೀಟಿಂಗಿಗೆ ಹೋಗ್ಯಾರ’ ಎಂಬ ಉತ್ತರ. ಸಂಜೆ ಏಳಕ್ಕೆ ಅದೆಂಥ ಮೀಟಿಂಗೋ! ನವನಗರದ ಖಾಸಗಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬಿಪಿ 80ಕ್ಕೆ ಇಳಿದಿತ್ತು. ಸೆಪ್ಟಿಕ್ ಶಾಕ್, ಅಂದರೆ ಬಿಪಿ ಕುಸಿಯುವಷ್ಟು ಜೋರಾದ ಸೆಪ್ಸಿಸ್, ಎಂದು ಐಸಿಯುಗೆ ಹಾಕಿಕೊಂಡರು.

ಆಗ ಕಾಕಾನ ಮಗ ಕಿಸೆಯಿಂದ ನಿಮ್ಮ ಪತ್ರಿಕೆಯ ತುಣುಕು ತೆಗೆದ. ನಾಲ್ಕು ಮಡಿಕೆ ಹಾಕಿ ಆಧಾರ್ ಕಾರ್ಡಿನ ಜೊತೆ ಇಟ್ಟುಕೊಂಡು ಬಂದಿದ್ದ. ಡ್ಯೂಟಿ ಡಾಕ್ಟರು ಓದಿ ನೋಡಿ, ‘ತರೋದಿದ್ರ ತರ್ರಿ, ಕೊಟ್ರ ಲುಕ್ಸಾನೇನಿಲ್ಲ’ ಎಂದರು. ತರುವವನು ಯಾರು? ನಾನು. ವಿಟಮಿನ್ ಸಿ ಒಂದು ಸಲಕ್ಕೆ ಒಂದೂವರೆ ಗ್ರಾಂ, ಆರು ತಾಸಿಗೊಮ್ಮೆ. ಅಂಗಡಿಗಳಲ್ಲಿ ಸಿಕ್ಕಿದ್ದು ಅರ್ಧ ಗ್ರಾಮಿನ ಆಂಪೂಲ್, ಅಂದರೆ ಇಂಜೆಕ್ಷನ್ನಿನ ಪುಟ್ಟ ಗಾಜಿನ ಸೀಸೆ. ದಿನಕ್ಕೆ ಹನ್ನೆರಡು ಬೇಕು. ಒಬ್ಬರ ಹತ್ತಿರ ಎರಡು, ಇನ್ನೊಬ್ಬರ ಹತ್ತಿರ ಐದು. ವಿದ್ಯಾಗಿರಿಯಲ್ಲಿ ಮೂರು ಅಂಗಡಿಯ ಶಟರ್ ಬಡಿದು, ಹಳೇ ಬಾಗಲಕೋಟೆಗೆ ಗಾಡಿ ಓಡಿಸಿ, ತಿರುಗಿ ಬಂದಾಗ ರಾತ್ರಿ ಒಂದೂವರೆ. ನಡುವೆ ಬೀದಿದೀಪವಿಲ್ಲದ ಕಡೆ ಗುಂಡಿಗೆ ಬಿದ್ದು ಮೊಣಕಾಲು ಕಿತ್ತುಕೊಂಡಿದ್ದು ಬೇರೆ. ಆ ದೀಪಗಳು ಹಗಲು ಮಾತ್ರ ತಪ್ಪದೆ ಉರಿಯುತ್ತವೆ.

ಮರುದಿನದ ಕಥೆ ಕೇಳಿ. ಬೆರಳು ಚುಚ್ಚಿ ನೋಡುವ ಮೀಟರಿನಲ್ಲಿ ಶುಗರ್ 312 ಬಂತು. ಇನ್ಸುಲಿನ್ ಏರಿಸಲು ಸಿರಿಂಜು ಕೈಗೆತ್ತಿಕೊಂಡಿದ್ದ ಸಿಸ್ಟರ್‌ಗೆ ಏನನ್ನಿಸಿತೋ, ತಡೆದು ರಕ್ತವನ್ನು ಲ್ಯಾಬಿಗೆ ಕಳಿಸಿದಳು. ಅಲ್ಲಿ 138! ಹೆಚ್ಚು ವಿಟಮಿನ್ ಸಿ ರಕ್ತದಲ್ಲಿದ್ದರೆ ಕೆಲವು ಮೀಟರುಗಳು ಇಲ್ಲದ ಸಕ್ಕರೆಯನ್ನು ತೋರಿಸುತ್ತವಂತೆ. ಆ ಪುಣ್ಯಾತ್ಗಿತ್ತಿ ತಡೆಯದಿದ್ದರೆ ಇನ್ಸುಲಿನ್ ಹೆಚ್ಚಾಗಿ, ಸಕ್ಕರೆ ಕುಸಿದು, ಕಾಕಾ ನಿದ್ದೆಯಲ್ಲೇ ಹೋಗಬಹುದಿತ್ತು. ಲುಕ್ಸಾನೇನಿಲ್ಲವಂತೆ!

ಹುಬ್ಬಳ್ಳಿಯಲ್ಲಿ ಎಂ.ಡಿ. ಓದುವ ನನ್ನ ಅಕ್ಕನ ಮಗಳಿಗೆ ಫೋನ್ ಹಚ್ಚಿದೆ. ‘ಮಾಮಾ, ಅದು ಹಳೇ ಸುದ್ದಿ. ಪೇಪರಿನವರಿಗೆ ಈಗ ಮುಟ್ಟೇತಿ ನೋಡು’ ಎಂದು ನಕ್ಕಳು. ಅಮೆರಿಕದ ಪಾಲ್ ಮಾರಿಕ್ ಎಂಬ ವೈದ್ಯರು 2017ರಲ್ಲಿ ಪ್ರಕಟಿಸಿದ ಲೆಕ್ಕ ಅದು. ವಿಟಮಿನ್ ಸಿ, ಥಯಮಿನ್ (ವಿಟಮಿನ್ ಬಿ1), ಹೈಡ್ರೊಕಾರ್ಟಿಸೋನ್ ಎಂಬ ಸ್ಟೆರಾಯ್ಡ್ ಮೂರನ್ನೂ ಪಡೆದ 47 ಜನರಲ್ಲಿ 4 ಸಾವು, ಇವನ್ನು ಒಟ್ಟಿಗೆ ಪಡೆಯದ, ಅದಕ್ಕೂ ಮುಂಚಿನ ತಿಂಗಳುಗಳ 47 ಜನರಲ್ಲಿ 19. ನೀವು ಬರೆದದ್ದು ಇಷ್ಟೇ. ಅದು ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಪಾಲು ಮಾಡಿ ನೋಡಿದ್ದಲ್ಲ, ಹಳೇ ಫೈಲು ತೆಗೆದು ಪಕ್ಕಕ್ಕಿಟ್ಟು ನೋಡಿದ್ದು. ಹಾಗೆ ಪಾಲು ಮಾಡಿ 2020ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರೆಜಿಲ್‌ನ 216 ಜನರಲ್ಲಿ ನೋಡಿದಾಗ, ಮೂರನ್ನೂ ಪಡೆದವರಿಗೆ ಬರೀ ಹೈಡ್ರೊಕಾರ್ಟಿಸೋನ್ ಪಡೆದವರಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. 2021ರಲ್ಲಿ ಅಮೆರಿಕದ 501 ಜನರಲ್ಲೂ ಅದೇ ಹಾಡು. 2022ರಲ್ಲಿ 872 ಜನರ ಪರೀಕ್ಷೆಯಲ್ಲಂತೂ ವಿಟಮಿನ್ ಸಿ ಪಡೆದವರಲ್ಲಿ ಸತ್ತವರು ಇಲ್ಲವೇ ಅಂಗಾಂಗ ಸೋತೇ ಉಳಿದವರು ಶೇ 44.5, ಪಡೆಯದವರಲ್ಲಿ ಶೇ 38.5. ಇದೆಲ್ಲ ನಿಮ್ಮ ಪುಟದಲ್ಲಿ ಹಿಡಿಸಲಿಲ್ಲ, ಕೆಳಗಿನ ಮೊಣಕಾಲು ನೋವಿನ ಎಣ್ಣೆಯ ಜಾಹೀರಾತು ಮಾತ್ರ ಚೆನ್ನಾಗಿ ಹಿಡಿಸಿತ್ತು. ನನ್ನ ಮೊಣಕಾಲಿಗೆ ಅದಾದರೂ ಉಪಯೋಗಕ್ಕೆ ಬಂದೀತು.

ಕಾಕಾ ಉಳಿದರು. ಕಾಲಿನ ಎರಡು ಬೆರಳು ಹೋದವು. ಉಳಿಸಿದ್ದು ಬಂದ ತಾಸಿನೊಳಗೆ ಹಾಕಿದ ಆ್ಯಂಟಿಬಯೋಟಿಕ್, ಸಲೈನು, ಬಿಪಿ ಏರಿಸುವ ನಾರ್‌ಅಡ್ರಿನಲಿನ್, ಮತ್ತು ಕೀವು ತೆಗೆದ ಸರ್ಜನ್ನರ ಕತ್ತಿ. ಆದರೆ ನಮ್ಮ ಓಣಿಯಲ್ಲಿ ಈಗ ಎಲ್ಲರೂ ‘ವಿಟಮಿನ್ನಿನ ದೆಸೆಯಿಂದ ಬದುಕಿದ’ ಎನ್ನುತ್ತಿದ್ದಾರೆ! ಇಬ್ಬರು ಬಂದು ಆ ತುಣುಕಿನ ಜೆರಾಕ್ಸ್ ಕೇಳಿದ್ದಾರೆ.

ಆ ಆರೋಗ್ಯ ಕೇಂದ್ರದಲ್ಲೇ ಒಂದು ಆ್ಯಂಟಿಬಯೋಟಿಕ್ ಇಂಜೆಕ್ಷನ್ ಬಿದ್ದಿದ್ದರೆ ಎರಡು ತಾಸು ಉಳಿಯುತ್ತಿತ್ತು. ಅದನ್ನು ಕೇಳಲು ಅಧಿಕಾರಿಯೊಬ್ಬರಿಗೆ ಫೋನ್ ಮಾಡಿದರೆ ‘ಲಿಖಿತವಾಗಿ ಕೊಡಿ’ ಎಂದರು. ಲಿಖಿತವಾಗಿ ಕೊಟ್ಟದ್ದರ ಗತಿ ನಮಗೆ ಗೊತ್ತಿಲ್ಲವೇ? ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಮುಳುಗಡೆಯಾಗಿ ಬಂದ ನಮ್ಮಪ್ಪ ಸೈಟಿನ ಹಕ್ಕುಪತ್ರಕ್ಕೆ ಅರ್ಜಿ ಬರೆದೂ ಬರೆದೂ ಕೈ ನಡುಗುವವರೆಗೆ ಅಲೆದರು. ಬಾಗಲಕೋಟೆ-ಕುಡಚಿ ರೈಲು ಮಾರ್ಗದ ಮಾತನ್ನು 2010ರಿಂದ ಕೇಳುತ್ತಿದ್ದೇವೆ, ಸರ್ಕಾರಿ ಮೆಡಿಕಲ್ ಕಾಲೇಜಿನದೂ ವರ್ಷಗಟ್ಟಲೆ ಅದೇ ರಾಗವಾಗಿತ್ತು. ಎಲ್ಲದಕ್ಕೂ ಲಿಖಿತವಾಗಿಯೇ ಕೊಟ್ಟಿದ್ದೇವೆ.

ಆದ್ದರಿಂದ ಪತ್ರಿಕೆಯವರು ತಪ್ಪೊಪ್ಪಿಕೊಂಡು ಅಷ್ಟೇ ದೊಡ್ಡ ಅಕ್ಷರದಲ್ಲಿ ಉಳಿದರ್ಧ ಸುದ್ದಿಯನ್ನೂ ಛಾಪಿಸಬೇಕು. ಸಂಬಂಧಪಟ್ಟವರು ರಾತ್ರಿ ಡಾಕ್ಟರ್ ಇರುವಂತೆ, ಔಷಧ ಅಂಗಡಿ ತೆರೆದಿರುವಂತೆ, ಕನಿಷ್ಠ ಆ ಗುಂಡಿಯನ್ನಾದರೂ ಮುಚ್ಚುವಂತೆ ಕ್ರಮ ಕೈಗೊಳ್ಳಬೇಕು. ಸಂಬಂಧಪಟ್ಟವರು ಯಾರೆಂದು ಮೊದಲು ಅವರೇ ಗೊತ್ತು ಮಾಡಿಕೊಳ್ಳಲಿ. ಉಳಿದ ನಾಲ್ಕು ಆಂಪೂಲ್ ನನ್ನ ಗಾಡಿಯ ಡಿಕ್ಕಿಯಲ್ಲಿವೆ. ರಾಮಬಾಣ ಎಂದು ತಲೆಬರಹ ಕೊಟ್ಟ ಮಹಾನುಭಾವರಿಗೆ ಬೇಕಿದ್ದರೆ ಬಂದು ಒಯ್ಯಲಿ.

– ನೊಂದ ಓದುಗ, ನವನಗರ, ಬಾಗಲಕೋಟೆ